ಅಚ್ಚಿನ ಪುಸ್ತಕ ತಗೊಳ್ಳೋದಾ, ಇ-ಬುಕ್ಕಾ? ಕನ್ನಡ ಓದುವವರಿಗೂ ಬರೆಯುವವರಿಗೂ ಒಂದು ಲೆಕ್ಕಾಚಾರ

ಈ ಪ್ರಶ್ನೆಗೆ ಹುಡುಕಿದರೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪುಸ್ತಕ ಓದುವವರಿಗಾಗಿ ಬರೆದವು. ಒಂದು ಕಿಂಡಲ್ (ಅಮೆಜಾನಿನ ಇ-ಬುಕ್ ಓದುವ ಸಾಧನ) ತಗೊಳ್ಳಿ, ಸಾವಿರ ಪುಸ್ತಕ ಚೀಲದಲ್ಲಿ ಇಟ್ಟುಕೊಂಡು ಓಡಾಡಿ, ಅಷ್ಟೇ ಅನ್ನುತ್ತವೆ. ಕನ್ನಡಕ್ಕೆ ಬಂದರೆ ಆ ಸಲಹೆ ಅರ್ಧ ದಾರಿಗೇ ನಿಲ್ಲುತ್ತದೆ. ಅಮೆಜಾನ್ ಭಾರತದಲ್ಲಿ ಕಿಂಡಲ್ ಅಂಗಡಿ ತೆರೆದದ್ದು 2012ರಲ್ಲಿ. 2016ರ ಕೊನೆಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಬುಕ್‌ಗಳನ್ನು ಅಲ್ಲಿ ಶುರುಮಾಡಿದರು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಇ-ಬುಕ್ ಬೇರೆಯದೇ ದಾರಿ ಹಿಡಿಯಿತು: ಗೂಗಲ್ ಪ್ಲೇ ಬುಕ್ಸ್, 2020ರಲ್ಲಿ ಬಂದ ಮೈಲ್ಯಾಂಗ್, ವಿವಿಡ್ಲಿಪಿ, ಕತೆ ಮತ್ತು ಧಾರಾವಾಹಿಗಳಿಗೆ ಪ್ರತಿಲಿಪಿ. ಇವೆಲ್ಲದರ ಜೊತೆಗೆ ವಾಟ್ಸಾಪಿನಲ್ಲಿ ಯಾರೂ ಕೇಳದೆ ಯಾರೋ ಕಳಿಸುವ ಪಿಡಿಎಫ್.

ಕಾಗದದ ವಾಸನೆ, ಮಳೆ, ಕಾಫಿ ಲೋಟ, ಇವನ್ನೆಲ್ಲ ಪಕ್ಕಕ್ಕಿಟ್ಟು ಮಾತಾಡೋಣ. ಅದರ ಮೇಲೆ ಸಾಕಷ್ಟು ಬರೆದಾಗಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓದುವವರು ಯಾವ ಪಕ್ಷವನ್ನೂ ಸೇರಬೇಕಾಗಿಲ್ಲ, ಪುಸ್ತಕ ನೋಡಿಕೊಂಡು ಆರಿಸಿದರೆ ಸಾಕು. ಬರೆಯುವವರಿಗೆ ಮಾತ್ರ ಸದ್ಯಕ್ಕೆ ಅಚ್ಚು ಬಿಟ್ಟು ಗತಿಯಿಲ್ಲ. ಆದರೆ ಇ-ಬುಕ್ಕಿನ ಹಕ್ಕನ್ನೂ ಅದರ ಫೈಲನ್ನೂ ಅವರು ಕೈಬಿಡಬಾರದು. ಎರಡನ್ನೂ ಒಂದೊಂದಾಗಿ ನೋಡೋಣ.

ಮೊದಲು, ಯಾವ ಇ-ಬುಕ್?

ಕನ್ನಡದಲ್ಲಿ ಇ-ಬುಕ್ ಅನ್ನೋ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನು ಸಿಗುತ್ತವೆ. ಇದನ್ನು ಗೊತ್ತು ಮಾಡಿಕೊಳ್ಳದೆ ಹೋಲಿಕೆ ಮಾಡಿದರೆ ಉಪಯೋಗವಿಲ್ಲ.

ಒಂದು, ಸ್ಕ್ಯಾನ್ ಮಾಡಿದ ಪುಸ್ತಕ. ಅಂದರೆ ಪುಟಪುಟದ ಫೋಟೊ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳು ಈ ಬಗೆಯವು. ಎಲ್ಲೂ ಸಿಗದ ಪುಸ್ತಕ ಅಲ್ಲಿ ಸಿಕ್ಕಾಗ ಆಗುವ ಖುಷಿಯೇ ಬೇರೆ. ಆದರೆ ಅಕ್ಷರ ದೊಡ್ಡದು ಮಾಡಲು ಬರುವುದಿಲ್ಲ, ಫೋಟೊವನ್ನೇ ಎಳೆದು ದೊಡ್ಡದು ಮಾಡಬೇಕು.

ಎರಡು, ಪ್ರೆಸ್ಸಿಗೆ ಹೋದ ಪಿಡಿಎಫ್. ಅಚ್ಚಿಗೆ ಅಂತ ಮಾಡಿದ ಪುಟಗಳನ್ನೇ ಹಾಗೇ ಇ-ಬುಕ್ ಅಂತ ಮಾರುವುದು. ನೋಡಲು ಚೆಂದ, ಪುಟ ಅಚ್ಚುಕಟ್ಟು. ಆದರೆ ನಮ್ಮಲ್ಲಿ ಎಷ್ಟೋ ವರ್ಷ ಡಿಟಿಪಿ ನಡೆದದ್ದು ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಅವು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಈಗಿನ ಸಾರ್ವತ್ರಿಕ ಪದ್ಧತಿಯವಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷ್ ಅಕ್ಷರಗಳೇ, ಫಾಂಟು ಮಾತ್ರ ಅದನ್ನು ಕನ್ನಡದ ಹಾಗೆ ತೋರಿಸುತ್ತಿರುತ್ತದೆ. ಅಂಥ ಪುಸ್ತಕದಲ್ಲಿ ಒಂದು ಪದ ಹುಡುಕಿ ನೋಡಿ, ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ಸ್ನೇಹಿತರಿಗೆ ಕಳಿಸಿ, ಆ ಕಡೆ ತಲುಪುವುದು ಅಕ್ಷರಗಳ ಚಿತ್ರಾನ್ನ.

ಮೂರನೆಯದು ನಿಜವಾದ ಇ-ಬುಕ್. ಯೂನಿಕೋಡ್ ಅಕ್ಷರ, ಇಪಬ್ ಅನ್ನೋ ಇ-ಬುಕ್ ಫೈಲಿನ ರೂಪ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಂಡು ಮುರಿಯುತ್ತವೆ, ಪದ ಹುಡುಕಬಹುದು, ಫೋನಿಗೆ ಓದಿಹೇಳು ಅಂದರೆ ಓದುತ್ತದೆ.

ಇದರಲ್ಲೂ ಒಂದು ತೊಡಕಿದೆ. ಹಳೆಯ ಫಾಂಟಿನ ಬರಹವನ್ನು ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿದಾಗ ಅರ್ಕಾವತ್ತು ಕೈಕೊಡುತ್ತದೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಕ್ಕೆ ತಕ್ಕಂತೆ ಮೊದಲೇ ಬರಬೇಕು. ಕನ್ವರ್ಟರ್ ಇಲ್ಲಿ ಎಡವಿದರೆ ಧರ್ಮ ಹೋಗಿ 'ಧಮರ್' ಆಗುತ್ತದೆ, ಸೂರ್ಯ 'ಸೂಯರ್' ಆಗುತ್ತಾನೆ. ಇಂಥದ್ದನ್ನು ಎಲ್ಲರೂ ಒಂದಲ್ಲ ಒಂದು ಕಡೆ ನೋಡಿರುತ್ತೀರಿ. ಯಂತ್ರದಿಂದ ಕನ್ವರ್ಟ್ ಆದ ಮೇಲೆ ಮನುಷ್ಯರು ಕೂತು ಕರಡು ತಿದ್ದಿಲ್ಲ ಅನ್ನುವುದಕ್ಕೆ ಅದೇ ಗುರುತು. ದುಡ್ಡು ಕೊಡುವ ಮೊದಲು ಉಚಿತ ಮಾದರಿ ಪುಟಗಳನ್ನು ತೆಗೆದು ಅರ್ಕಾವತ್ತು ಇರುವ ನಾಲ್ಕು ಪದ ನೋಡಿ, ಅಕ್ಷರ ಒಂದು ಸುತ್ತು ದೊಡ್ಡದು ಮಾಡಿ. ಎರಡೂ ಸರಿಯಿದ್ದರೆ ಧೈರ್ಯವಾಗಿ ತಗೊಳ್ಳಬಹುದು.

ಪರದೆ ಮತ್ತು ಒತ್ತಕ್ಷರ

ಕನ್ನಡ ಪುಸ್ತಕದ ಮಾಮೂಲಿ ಅಳತೆ ಡೆಮಿ 1/8, ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಆರು ಇಂಚಿನ ಇ-ರೀಡರ್ ಅಂದರೆ ಮೂಲೆಯಿಂದ ಮೂಲೆಗೆ ಆರು ಇಂಚು. ಅಗಲ ನೋಡಿದರೆ ಮೂರೂವರೆ, ಎತ್ತರ ಐದೂ ಇಲ್ಲ. ಪ್ರೆಸ್ ಪಿಡಿಎಫ್ ಪುಟವನ್ನು ಅದರಲ್ಲಿ ಇಡಿಯಾಗಿ ತೋರಿಸಿದರೆ ಅಕ್ಷರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಅಷ್ಟೇ. ಇಂಗ್ಲಿಷ್ ಅಕ್ಷರವನ್ನಾದರೂ ಹೇಗೋ ಓದಿಬಿಡಬಹುದು. ಕನ್ನಡದಲ್ಲಿ 'ಸ್ವಾತಂತ್ರ್ಯ', 'ರಾಷ್ಟ್ರ' ಇಂಥ ಪದಗಳ ಕೆಳಗೆ ಒತ್ತಿನ ಮೇಲೊಂದು ಒತ್ತು. ಅಷ್ಟು ಚಿಕ್ಕದಾದರೆ ಅದು ಚುಕ್ಕೆ ಆಗಿಬಿಡುತ್ತದೆ.

ಇಪಬ್ ಆದರೆ ಈ ತಾಪತ್ರಯ ಇಲ್ಲ. ಆದರೂ ಒಂದು ಮಾತು: ಆ್ಯಪಿನ ಸೆಟ್ಟಿಂಗ್‌ಗೆ ಹೋಗಿ ಸಾಲುಗಳ ಅಂತರ ಹೆಚ್ಚಿಸಿಕೊಳ್ಳಿ. ಎಷ್ಟೋ ಕಡೆ ಆ ಅಂತರವನ್ನು ಇಂಗ್ಲಿಷಿಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಣ್ಣು ಬೇಗ ದಣಿಯುವುದಕ್ಕೆ ಇದೂ ಒಂದು ಕಾರಣ, ಎಲ್ಲ ತಪ್ಪನ್ನೂ ಪರದೆಯ ಬೆಳಕಿನ ಮೇಲೆ ಹೊರಿಸಬೇಕಿಲ್ಲ.

ಕನ್ನಡಕ್ಕಾಗಿಯೇ ಅಂತ ಕಿಂಡಲ್ ತಗೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕಿಂಡಲ್‌ನ ಹೊಸ ಪೇಪರ್‌ವೈಟ್ 2025ರ ಏಪ್ರಿಲಿನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 16,999 ರೂಪಾಯಿ ಇತ್ತು. 200 ರೂಪಾಯಿಯ ಪುಸ್ತಕ ಅಂತ ಹಿಡಿದರೆ ಎಂಬತ್ತೈದು ಪುಸ್ತಕದ ದುಡ್ಡು. ಅಷ್ಟು ಕೊಟ್ಟ ಮೇಲೂ ನಮ್ಮ ಕನ್ನಡದ ಆ್ಯಪ್‌ಗಳು ಅದರೊಳಗೆ ಕೂರುವುದಿಲ್ಲ, ಅವು ಫೋನಿಗಾಗಿ ಮಾಡಿದವು. ಇಂಗ್ಲಿಷ್ ಕೂಡ ಜಾಸ್ತಿ ಓದುವವರಾದರೆ ಆ ಮಾತು ಬೇರೆ. ಕನ್ನಡವೇ ಮುಖ್ಯ ಅನ್ನುವವರಿಗೆ ಹತ್ತು ಇಂಚಿನ ಸಾಧಾರಣ ಟ್ಯಾಬ್ ಸಾಕು. ಪಿಡಿಎಫ್ ಪುಟವೂ ಹೆಚ್ಚುಕಡಿಮೆ ಅಚ್ಚಿನ ಅಳತೆಗೇ ಕಾಣುತ್ತದೆ. ಕಣ್ಣಿಗೆ ಕಿಂಡಲ್‌ನಂಥ, ಕಾಗದದ ಹಾಗೆ ಕಾಣುವ ಇ-ಇಂಕ್ ಪರದೆಯೇ ಬೇಕು ಅನ್ನುವವರು ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ನೋಡಬಹುದು, ಅದರಲ್ಲಿ ಆ್ಯಪ್ ಹಾಕಿಕೊಳ್ಳಲು ಬರುತ್ತದೆ. ಅದಕ್ಕೆ ದುಡ್ಡೂ ಜಾಸ್ತಿಯೇ.

ಪುಸ್ತಕ ನಿಮ್ಮ ಊರಿಗೆ ಬರುತ್ತದಾ?

ಬೆಂಗಳೂರಿನವರಿಗೆ ಈ ಪ್ರಶ್ನೆ ಅರ್ಥ ಆಗುವುದು ಕಷ್ಟ. ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆಗಳು, ಬೇಕಾದಷ್ಟಿವೆ. ಧಾರವಾಡದವರಿಗೂ ಚಿಂತೆಯಿಲ್ಲ, 1933ರಿಂದ ಇರುವ ಮನೋಹರ ಗ್ರಂಥಮಾಲಾ ಅಲ್ಲೇ ಇದೆ. ಆದರೆ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ಪುಸ್ತಕದಂಗಡಿ ಅಂದರೆ ಗೈಡು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ಹೊಸ ಕಥಾಸಂಕಲನ ಬೇಕು ಅಂದರೆ ಅಂಚೆಯೇ ಗತಿ.

ಅಂಚೆಯ ಕತೆಯೂ ಇತ್ತೀಚೆಗೆ ಏರುಪೇರಾಗಿದೆ. 2024ರ ಡಿಸೆಂಬರಿನಲ್ಲಿ ಹಳೆಯ ರಿಜಿಸ್ಟರ್ಡ್ ಬುಕ್‌ಪೋಸ್ಟ್ ನಿಂತಾಗ ಸಣ್ಣ ಪ್ರಕಾಶಕರು ಪೇಚಿಗೆ ಸಿಕ್ಕಿದರು, ನೂರು ರೂಪಾಯಿಯ ಪುಸ್ತಕ ಕಳಿಸಲು ಅರ್ಧಕ್ಕರ್ಧ ಖರ್ಚು ಅಂದರೆ ಯಾರಿಗೆ ತಾನೇ ಗಿಟ್ಟುತ್ತದೆ. 2025ರ ಮೇ 1ರಿಂದ ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅಂತ ಜ್ಞಾನ ಪೋಸ್ಟ್ ಶುರುವಾಯಿತು. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. 200 ಪುಟದ ಡೆಮಿ ಪುಸ್ತಕ ಕಾಲು ಕೆಜಿಯ ಆಸುಪಾಸು ತೂಗುತ್ತದೆ, ಆ ಕೆಳಗಿನ ದರಕ್ಕೇ ಬೀಳುತ್ತದೆ. ನೆಲದ ಮೇಲೆ ಹೋಗುವ ಅಂಚೆ, ನಿಧಾನ. ಐದಾರು ಪುಸ್ತಕ ಒಟ್ಟಿಗೆ ತರಿಸಿದರೆ ಒಂದೊಂದಕ್ಕೆ ಬೀಳುವ ಖರ್ಚು ಇಳಿಯುತ್ತದೆ. ಓದುವ ಸ್ನೇಹಿತರು ಸೇರಿ ಒಂದೇ ಆರ್ಡರ್ ಹಾಕಿ.

ಅಮೆರಿಕಾದಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರಿಗೆ ಯೋಚನೆ ಮಾಡಲು ಏನೂ ಇಲ್ಲ. 200 ರೂಪಾಯಿಯ ಪುಸ್ತಕಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಸಾಗಣೆ ಕೊಡಬೇಕು. ಇಲ್ಲದಿದ್ದರೆ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಸಾಂಬಾರ್ ಪುಡಿಯ ತೂಕ ಕಳೆದು ಉಳಿದ ಜಾಗಕ್ಕೆ ಎಷ್ಟು ಹಿಡಿಸುತ್ತದೋ ಅಷ್ಟು. ಅವರಿಗೆ ಇ-ಬುಕ್ಕೇ ಸರಿ. ಕನ್ನಡ ಇ-ಬುಕ್ಕಿನ ಹುರುಪಿನ ಗಿರಾಕಿಗಳು ಯಾರು ಅಂದರೆ ನನ್ನ ಮನಸ್ಸಿಗೆ ಮೊದಲು ಬರುವವರೂ ಅವರೇ.

ಕೊಂಡದ್ದು ನಿಮ್ಮದಾ?

ಅಚ್ಚಿನ ಪುಸ್ತಕ ಕೊಂಡರೆ ಮುಗಿಯಿತು. ಓದಬಹುದು, ಪಕ್ಕದ ಮನೆಯವರಿಗೆ ಕೊಡಬಹುದು (ವಾಪಸ್ ಬರುವ ಗ್ಯಾರಂಟಿ ಇಲ್ಲ, ಅದು ಬೇರೆ ವಿಷಯ), ಹಳೆ ಪುಸ್ತಕದವರಿಗೆ ಮಾರಬಹುದು. ಇ-ಬುಕ್ಕಿಗೆ ದುಡ್ಡು ಕೊಟ್ಟಾಗ ನಿಮಗೆ ಸಿಗುವುದು ಓದುವ ಅನುಮತಿ. ಇದು ಸುಮ್ನೆ ಹೆದರಿಸುವ ಮಾತಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಹಕ್ಕಿನ ತಕರಾರಿನಿಂದಾಗಿ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳ ಕೆಲವು ಪ್ರತಿಗಳನ್ನು ಓದುಗರ ಕಿಂಡಲ್ ಒಳಗಿಂದಲೇ ಅಳಿಸಿಹಾಕಿತ್ತು. ಅದರಲ್ಲಿ ಒಂದು '1984', ಸರ್ಕಾರ ಜನರ ಮೇಲೆ ಸದಾ ಕಣ್ಣಿಟ್ಟು ಕೂರುವ ಕತೆಯೇ ಅದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಬುಕ್ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಹೋದವು. ದುಡ್ಡೇನೋ ವಾಪಸ್ ಕೊಟ್ಟರು. 2025ರ ಫೆಬ್ರವರಿಯಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ ಮೂಲಕ ಹಾಕಿಕೊಳ್ಳುವ ದಾರಿಯನ್ನೂ ಮುಚ್ಚಿದರು.

ಅಷ್ಟು ದೊಡ್ಡ ಕಂಪನಿಗಳ ಪಾಡೇ ಹೀಗಾದರೆ ಸಣ್ಣ ಆ್ಯಪ್‌ಗಳ ವಿಷಯದಲ್ಲಿ ಎಚ್ಚರ ಇರಲಿ. ಅವರ ಮೇಲೆ ಅಪನಂಬಿಕೆ ಇಡಿ ಅಂತ ಹೇಳುತ್ತಿಲ್ಲ, ಕನ್ನಡಕ್ಕೆ ಅವರು ಮಾಡುತ್ತಿರುವುದು ದೊಡ್ಡ ಕೆಲಸ. ಹತ್ತು ವರ್ಷ ಬಿಟ್ಟು ಮತ್ತೆ ತೆಗೆಯಬೇಕು ಅನ್ನಿಸುವ ಪುಸ್ತಕವನ್ನು ಒಂದೇ ಆ್ಯಪಿನೊಳಗೆ ಇಟ್ಟು ನೆಮ್ಮದಿಯಾಗಿ ಇರಬೇಡಿ, ಅಷ್ಟೇ. ಅಚ್ಚಿನದಕ್ಕೂ ಗೆದ್ದಲು, ಮಲೆನಾಡಿನ ಬೂಷ್ಟು, ಮನೆ ಬದಲಿಸುವಾಗಿನ ರಟ್ಟಿನ ಡಬ್ಬ ಅನ್ನೋ ಕಂಟಕಗಳಿವೆ. ಆದರೆ ಅವು ಕಣ್ಣಿಗೆ ಕಾಣುವ ಕಂಟಕಗಳು.

ಯಾವ ಪುಸ್ತಕ ಯಾವುದರಲ್ಲಿ

ಕಾದಂಬರಿ, ಪತ್ತೇದಾರಿ, ಪ್ರವಾಸಕಥನ, ಲಘು ಬರಹ: ಇ-ಬುಕ್ ಧಾರಾಳವಾಗಿ ಸಾಕು. 2018ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆ ಇದೆ, 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಮಾಹಿತಿಯ ಬರಹಗಳನ್ನು ಕಾಗದದಲ್ಲಿ ಓದಿದವರಿಗೆ ಸ್ವಲ್ಪ ಚೆನ್ನಾಗಿ ಅರ್ಥವಾಗಿತ್ತು. ಗಡಿಬಿಡಿಯಲ್ಲಿ ಓದುವಾಗ ಈ ಅಂತರ ಹೆಚ್ಚು. ಕಥನದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕೆಎಎಸ್, ಪಿಡಿಒ ಅಂತ ಪರೀಕ್ಷೆಗೆ ಓದುವ ಹುಡುಗರಿಗೆ ನನ್ನ ಸಲಹೆ ಸರಳ: ಮುಖ್ಯ ಪುಸ್ತಕ ಕಾಗದದಲ್ಲೇ ಇರಲಿ, ಅಂಚಿನಲ್ಲಿ ಪೆನ್ಸಿಲ್ ಗೀಚಿ. ಪ್ರಚಲಿತ ವಿದ್ಯಮಾನಕ್ಕೆ ದುಡ್ಡು ಸುರಿಯಬೇಡಿ, ಅದು ಫೋನಿನಲ್ಲೇ ಇರಲಿ, ಆರು ತಿಂಗಳಿಗೆ ಹಳತಾಗುವ ಸರಕು.

ಕಾವ್ಯ, ಅದರಲ್ಲೂ ಹಳೆಯ ಕಾವ್ಯ, ಅಚ್ಚಿನಲ್ಲೇ ಓದಬೇಕು ಅನ್ನುವುದು ನನ್ನ ಹಟ. ಕಾರಣ ಇದೆ. ಭಾಮಿನಿ ಷಟ್ಪದಿ ತಗೊಳ್ಳಿ, ಕುಮಾರವ್ಯಾಸ ಬಳಸಿದ್ದು. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ 23. ಪುಟದ ಮೇಲೆ ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು, ಮತ್ತೆ ಎರಡು ಗಿಡ್ಡ, ಒಂದು ಉದ್ದ. ಕಣ್ಣಿಗೇ ಲಯ ಸಿಕ್ಕಿಬಿಡುತ್ತದೆ, ಬಾಯಿ ಅದರ ಹಿಂದೆ ಹೋಗುತ್ತದೆ. ಫೋನಿನಲ್ಲಿ ಅಕ್ಷರ ಸ್ವಲ್ಪ ದೊಡ್ಡದು ಮಾಡಿದ ಕೂಡಲೇ ಆ ಉದ್ದ ಸಾಲುಗಳು ಮುರಿದು ಕೆಳಗೆ ಬೀಳುತ್ತವೆ. ಆರು ಸಾಲು ಎಂಟೋ ಒಂಬತ್ತೋ ಆಗುತ್ತದೆ, ಎಲ್ಲಿ ನಿಲ್ಲಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಹೊಸ ಕವಿತೆಗೂ ಇದೇ ಕಷ್ಟ, ಕವಿ ಬೇಕೆಂದೇ ಮುರಿದ ಸಾಲು ಯಾವುದು, ಫೋನು ಮುರಿದದ್ದು ಯಾವುದು ಅಂತ ಹೇಗೆ ಹೇಳುತ್ತೀರಿ? ವಚನ ಹುಡುಕುವುದಕ್ಕೆ ಮಾತ್ರ ಡಿಜಿಟಲ್ ಬಿಟ್ಟರೆ ಬೇರೆ ಇಲ್ಲ. ವಚನ ಸಂಚಯ ಅನ್ನೋ ಜಾಲತಾಣದಲ್ಲಿ ಒಂದು ಪದ ಹಾಕಿದರೆ ಯಾರ‍್ಯಾರ ವಚನದಲ್ಲಿ ಬಂದಿದೆ ಅಂತ ಸಾಲಾಗಿ ತೋರಿಸುತ್ತದೆ. ಇದನ್ನು ಅಚ್ಚಿನ ಸಂಪುಟಗಳಲ್ಲಿ ಮಾಡಲು ಹೋದರೆ ವಾರಗಟ್ಟಲೆ ಬೇಕು.

ನಿಘಂಟೂ ಅಷ್ಟೇ. ಕಿಟೆಲ್ಲರ 1894ರ ನಿಘಂಟಿನ ದಪ್ಪ ಸಂಪುಟ ಕಪಾಟಿನಲ್ಲಿದ್ದರೆ ಶೋಭೆ, ನಿಜ. ದಿನದ ಕೆಲಸಕ್ಕೆ ಜಾಲದಲ್ಲಿರುವ ಅಲರ್, ಭಾರತವಾಣಿ ಸಾಕು.

ಮಕ್ಕಳ ಚಿತ್ರಪುಸ್ತಕ ಅಚ್ಚಿನದೇ ಇರಲಿ. ಹರಿದರೂ ಹರಿಯಲಿ. ಟ್ಯಾಬಿನಲ್ಲಿ ಕೊಟ್ಟರೆ ಮಗು ಕತೆ ಬಿಟ್ಟು ಎರಡೇ ನಿಮಿಷಕ್ಕೆ ಕಾರ್ಟೂನ್ ಕಡೆ ಹೊರಟಿರುತ್ತದೆ, ನಿಮಗೂ ಗೊತ್ತು.

ವಯಸ್ಸಾದವರ ವಿಷಯದಲ್ಲಿ ಸಾಮಾನ್ಯವಾಗಿ ತಿರುವುಮುರುವು ಯೋಚಿಸುತ್ತೇವೆ. ಅಜ್ಜಿಗೆ ಇ-ಬುಕ್ ಯಾಕೆ, ಪುಸ್ತಕವೇ ಕೊಡೋಣ ಅಂತ. ಆದರೆ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಸೌಕರ್ಯ ಅವರಿಗೇ ಮೊದಲು ಬೇಕಾದದ್ದು ಅಲ್ವಾ? ಕಣ್ಣಿನ ಪೊರೆ ಬಂದವರು ಹನ್ನೊಂದು ಪಾಯಿಂಟಿನ ಅಚ್ಚು ಓದಲಾರರು. ಕಣ್ಣು ಕಾಣದವರಿಗಂತೂ ಯೂನಿಕೋಡ್ ಇ-ಬುಕ್ ಇದ್ದರೆ ಪುಸ್ತಕ ಉಂಟು, ಇಲ್ಲದಿದ್ದರೆ ಇಲ್ಲ. ಸ್ಕ್ರೀನ್ ರೀಡರ್‌ಗೆ ನುಡಿ ಫಾಂಟಿನ ಪಿಡಿಎಫ್ ಕೊಟ್ಟರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಗೊಣಗುತ್ತದೆ. ಓದಲಾಗದವರಿಗಾಗಿ ಪುಸ್ತಕಗಳ ರೂಪ ಬದಲಿಸಲು ಅನುಮತಿ ಕೊಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದೇ. ಆದರೂ ಪುಸ್ತಕ ತರುವಾಗ ಈ ಓದುಗರ ನೆನಪು ಎಷ್ಟು ಜನಕ್ಕೆ ಬರುತ್ತದೆ?

ಉಡುಗೊರೆಗೆ ಅಚ್ಚಿನದೇ, ಚರ್ಚೆಯೇ ಇಲ್ಲ. ಹಾರ ತುರಾಯಿ ಬೇಡ, ಪುಸ್ತಕ ಕೊಡಿ ಅಂತ ಮುಖ್ಯಮಂತ್ರಿಗಳೇ ಹೇಳುವ ಕಾಲ. ವೇದಿಕೆ ಮೇಲೆ ಯಾರಿಗಾದರೂ ಇ-ಬುಕ್ಕಿನ ಲಿಂಕ್ ಕೊಟ್ಟು ಫೋಟೊ ತೆಗೆಸಿಕೊಳ್ಳಲು ಆಗುತ್ತದಾ?

ದುಡ್ಡಿಲ್ಲದೆ ಓದುವ ದಾರಿಗಳನ್ನೂ ಮರೆಯಬೇಡಿ. ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೀರಿ, 1965ರ ಕಾಯಿದೆ ಮಾಡಿಟ್ಟ ವ್ಯವಸ್ಥೆ. ಅಂದಮೇಲೆ ಊರಿನ ಗ್ರಂಥಾಲಯದ ಸದಸ್ಯತ್ವ ಪಡೆಯದಿರುವುದು ನಷ್ಟವೇ. ಇಲಾಖೆಯ ಡಿಜಿಟಲ್ ಗ್ರಂಥಾಲಯವೂ 2020ರಿಂದ ಇದೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಪುಸ್ತಕಗಳ ಹಕ್ಕು ಮುಗಿದಿರುತ್ತದೆ, ಅವನ್ನು ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರು ತಮ್ಮ ಕಾಲದಲ್ಲೇ ಪ್ರಕಟಿಸಿದ ಕೃತಿಗಳು 2024ರ ಜನವರಿಯಿಂದ ಎಲ್ಲರವು. ನಿನ್ನೆ ಮೊನ್ನೆ ಬಂದ ಪುಸ್ತಕದ ಪಿಡಿಎಫ್ ಗುಂಪಿಗೆ ಬಂದರೆ ಅದು ಕದ್ದ ಮಾಲು, ಮುಂದೆ ತಳ್ಳಬೇಡಿ.

ಈಗ ಬರೆಯುವವರ ಕಡೆಗೆ

ಕನ್ನಡ ಪುಸ್ತಕದ ಎರಡನೇ ಪುಟ ತೆಗೆದು ನೋಡಿ. 'ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೋ, ಡೆಮಿ 1/8, ಪ್ರತಿಗಳು: 1000' ಅಂತ ಇರುತ್ತದೆ. ಈಗೀಗ ಆ ಸಾವಿರ 500ಕ್ಕೆ, 300ಕ್ಕೆ ಇಳಿದಿರುವುದೂ ಕಾಣುತ್ತದೆ. ಅದು ಬರೀ ಸೋಲಿನ ಗುರುತಲ್ಲ. ಡಿಜಿಟಲ್ ಮುದ್ರಣ ಬಂದ ಮೇಲೆ ಕಡಿಮೆ ಪ್ರತಿ ಹಾಕಿಸಿ, ಖಾಲಿಯಾದ ಹಾಗೆ ಮತ್ತೆ ಹಾಕಿಸಬಹುದು. ಒಂದೊಂದು ಪ್ರತಿಗೆ ಖರ್ಚು ಆಫ್‌ಸೆಟ್‌ಗಿಂತ ಜಾಸ್ತಿ. ಆದರೆ ಮಂಚದ ಕೆಳಗೆ 700 ಪ್ರತಿ ಇಟ್ಟುಕೊಂಡು ವರ್ಷಗಟ್ಟಲೆ ಅದರ ಮೇಲೆ ಮಲಗುವ ಕರ್ಮ ತಪ್ಪುತ್ತದೆ.

ಲೆಕ್ಕ ಹೀಗೆ. 200 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ನೂರಕ್ಕೆ ಹತ್ತರಂತೆ ಗೌರವಧನ ಅಂದರೆ ಪ್ರತಿಗೆ 20 ರೂಪಾಯಿ. ಎಷ್ಟೋ ಸಲ ಅದೂ ದುಡ್ಡಾಗಿ ಬಾರದೆ ಪುಸ್ತಕವಾಗಿಯೇ ಬರುತ್ತದೆ. ಅದೇ ಪುಸ್ತಕ 100 ರೂಪಾಯಿಯ ಇ-ಬುಕ್ ಆಗಿ, ನೀವೇ ಹಾಕಿ, ಅದರಲ್ಲಿ ಅರ್ಧ ಸಿಕ್ಕಿತು ಅಂದುಕೊಳ್ಳಿ. 50 ರೂಪಾಯಿ. ಒಂದೊಂದು ಪ್ರತಿಯ ಲೆಕ್ಕದಲ್ಲಿ ಇ-ಬುಕ್ ಎರಡೂವರೆ ಪಟ್ಟು. ಆದರೆ ಅಚ್ಚಿನ 500 ಪ್ರತಿ ಹೋಗುವ ಪುಸ್ತಕಕ್ಕೆ ಇ-ಬುಕ್ 200 ಹೋದರೆ ಮಾತ್ರ ಎರಡೂ ಸರಿಸಮ. ಹೆಸರು ಮಾಡಿದವರಿಗೆ ಅದು ಆದೀತು. ಮೊದಲ ಪುಸ್ತಕದವರು ಅದನ್ನೇ ನಂಬಿ ಕೂರುವುದು ಬೇಡ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಕನ್ನಡದಲ್ಲಿ ಪುಸ್ತಕವೊಂದರ ಓಡಾಟ ಶುರುವಾಗುವುದೇ ಬಿಡುಗಡೆ ಸಮಾರಂಭದಿಂದ. ಬಸವನಗುಡಿಯ ವಾಡಿಯಾ ಸಭಾಂಗಣವೋ ನಿಮ್ಮೂರಿನ ಕನ್ನಡ ಭವನವೋ, ಭಾನುವಾರ ಬೆಳಿಗ್ಗೆ ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಗೆ ಹಿಡಿದು ಸಾಲಾಗಿ ನಿಂತು, ಬಾಗಿಲ ಬಳಿಯ ಮೇಜಿನಲ್ಲಿ ರಿಯಾಯಿತಿ ದರಕ್ಕೆ ಮಾರುತ್ತಾರೆ. ಮೊದಲ ದಿನದ ಆ ಮಾರಾಟವನ್ನು ಹಗುರವಾಗಿ ತಗೊಳ್ಳಬೇಡಿ. ಆಮೇಲೆ ಸಾಹಿತ್ಯ ಸಮ್ಮೇಳನದ ಮಳಿಗೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಅಕಾಡೆಮಿ ಬಹುಮಾನ, ಎಲ್ಲಕ್ಕೂ ಕೈಗೆ ಸಿಗುವ ಪ್ರತಿ ಬೇಕು. ಪತ್ರಿಕೆಗೆ ವಿಮರ್ಶೆಗೆ ಕಳಿಸುವುದೂ ಅದನ್ನೇ. ಸಗಟು ಖರೀದಿಯ ಬಿಲ್ಲು ಬರುವುದು ತಡ, ಪುಟಕ್ಕೆ ಇಷ್ಟು ಅಂತ ಕಟ್ಟುವ ದರವೂ ಕಡಿಮೆ ಅಂತ ಪ್ರಕಾಶಕರು ಗೊಣಗುತ್ತಲೇ ಇರುತ್ತಾರೆ. ಹಾಗಂತ ಅದನ್ನು ಬಿಟ್ಟವರು ಯಾರೂ ಇಲ್ಲ. ಬರೀ ಇ-ಬುಕ್ ತಂದವರು ಈ ಇಡೀ ಸರಪಳಿಯಿಂದ ಹೊರಗೆ ಉಳಿಯುತ್ತಾರೆ. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ.

ತೆರಿಗೆಯೂ ಅಚ್ಚಿನ ಕಡೆಗೇ ವಾಲಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಬುಕ್ಕಿಗೆ ಮೊದಲು ನೂರಕ್ಕೆ 18 ಇತ್ತು, 2018ರ ಜುಲೈನಲ್ಲಿ 5ಕ್ಕೆ ಇಳಿಸಿದರು. ಆ ಇಳಿಕೆ ಅಚ್ಚಿನಲ್ಲೂ ಬಂದ ಪುಸ್ತಕದ ಇ-ರೂಪಕ್ಕೆ ಮಾತ್ರ. ಅಚ್ಚು ಹಾಕಿಸದೆ ಬರೀ ಇ-ಬುಕ್ ಮಾಡುವವರಿಗೆ ಇಲ್ಲೂ ಪೆಟ್ಟು. ಅಚ್ಚಿನವರಿಗೆ ಒಂದು ಸಣ್ಣ ಮುಳ್ಳು ಉಂಟು. ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ಕಾಗದಕ್ಕೆ, ಮುದ್ರಣಕ್ಕೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಅದು ಕೊನೆಗೆ ಮುಖಬೆಲೆಯಲ್ಲೇ ಸೇರುತ್ತದೆ.

ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಗೆ ಯಾರಿಗೂ ದುಡ್ಡು ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಅಚ್ಚಿಗೆ ಒಂದು, ಇ-ಬುಕ್ಕಿಗೆ ಇನ್ನೊಂದು ಸಂಖ್ಯೆ ಬೇಕು.

ಕಳ್ಳ ಪಿಡಿಎಫ್ ಭಯದಿಂದ ಇ-ಬುಕ್ಕೇ ಬೇಡ ಅನ್ನುವ ಲೇಖಕರಿದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ತೀರ್ಮಾನ ಒಪ್ಪಲಾರೆ. ಗುಂಪುಗಳಲ್ಲಿ ಓಡಾಡುವ ಎಷ್ಟೋ ಪಿಡಿಎಫ್‌ಗಳು ಫೋನಿನಿಂದ ಪುಟಪುಟ ಫೋಟೊ ತೆಗೆದು ಮಾಡಿದವು, ಹೆಬ್ಬೆರಳೂ ಅದರಲ್ಲಿ ಕಾಣುತ್ತಿರುತ್ತದೆ. ಅಂದರೆ ಕದ್ದದ್ದು ಅಚ್ಚಿನ ಪ್ರತಿಯಿಂದ. ಇ-ಬುಕ್ ತರದಿದ್ದರೆ ದುಡ್ಡು ಕೊಡಲು ತಯಾರಿರುವ ದೂರದ ಓದುಗರಿಗೂ ಆ ಹೆಬ್ಬೆರಳಿನ ಪಿಡಿಎಫ್ಫೇ ಗತಿಯಾಗುತ್ತದೆ.

ಒಪ್ಪಂದ ಮತ್ತು ಫೈಲು

ಒಪ್ಪಂದಪತ್ರ ಸಿಕ್ಕಿದರೆ, ನಮ್ಮಲ್ಲಿ ಸಿಗದಿರುವುದೇ ಜಾಸ್ತಿ, ಸಹಿ ಹಾಕುವ ಮೊದಲು ಅದರಲ್ಲಿ 'ಎಲ್ಲ ಹಕ್ಕುಗಳು' ಅನ್ನುವ ಎರಡು ಪದ ಹುಡುಕಿ. ಇದ್ದರೆ ಒಡೆದು ಬರೆಸಿ: ಅಚ್ಚಿನ ಹಕ್ಕು, ಇ-ಬುಕ್, ಆಡಿಯೊ, ಅನುವಾದ, ಸಿನಿಮಾ, ಒಂದೊಂದೂ ಬೇರೆ. ಕೃತಿಸ್ವಾಮ್ಯ ಕಾಯಿದೆ ಈ ವಿಷಯದಲ್ಲಿ ಬರೆಯುವವರ ಪರವಾಗಿಯೇ ಇದೆ. ಹಕ್ಕು ವಹಿಸಿಕೊಡುವಾಗ ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ಇ-ಬುಕ್ ಹಕ್ಕು ಬರೆಸಿಕೊಂಡು ಸುಮ್ಮನೆ ಕೂತ ಪ್ರಕಾಶಕರಿಗೆ ಇದನ್ನು ನೆನಪಿಸಬಹುದು. ಜಾಗ ಬರೆಯದಿದ್ದರೆ ಹಕ್ಕು ಭಾರತಕ್ಕೆ ಮಾತ್ರ ಅನ್ನುವುದು ಇನ್ನೊಂದು. ಇ-ಬುಕ್ಕಿನ ಗಿರಾಕಿಗಳು ಹೊರದೇಶದಲ್ಲೂ ಇರುವುದರಿಂದ ಅಲ್ಲಿನ ಮಾರಾಟ ಯಾರ ಕೈಯಲ್ಲಿ, ಪಾಲು ಎಷ್ಟು ಅನ್ನುವುದನ್ನು ಬಾಯಿಮಾತಿಗೆ ಬಿಡದೆ ಬರೆಸಿ.

ಕೊನೆಯ ಕರಡು ಒಪ್ಪಿದ ದಿನವೇ ಡಿಟಿಪಿ ಮಾಡಿದವರನ್ನು ಕೇಳಿ ಮೂರು ವಸ್ತು ತಗೊಳ್ಳಿ: ಅಚ್ಚಿಗೆ ಹೋದ ಪಿಡಿಎಫ್, ತಿದ್ದಲು ಬರುವ ಮೂಲ ಫೈಲ್ ಅದರ ಫಾಂಟಿನ ಜೊತೆ, ಇಡೀ ಪುಸ್ತಕದ ಯೂನಿಕೋಡ್ ಪಠ್ಯ. ಕರಡಿನಲ್ಲಿ ನೀವು ಕೆಂಪು ಪೆನ್ನಿನಿಂದ ತಿದ್ದಿದ್ದೆಲ್ಲ ಇರುವುದು ಅವರ ಫೈಲಿನಲ್ಲಿ, ನೀವು ಮೊದಲು ಕಳಿಸಿದ ವರ್ಡ್ ಫೈಲಿನಲ್ಲಿ ಅಲ್ಲ. ಆಮೇಲೆ ಕೊಡುತ್ತೇನೆ ಸಾರ್ ಅಂದರೆ ಬಿಡಬೇಡಿ, ಪೆನ್‌ಡ್ರೈವ್ ತಗೊಂಡು ಅಲ್ಲೇ ಕೂರಿ. ಯೂನಿಕೋಡ್ ಮಾಡಿಕೊಡಲು ಬೇರೆ ದುಡ್ಡು ಕೇಳಿದರೆ ಕೊಡಿ, ಮುಂದೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸುವ ಖರ್ಚಿಗಿಂತ ಅದು ಕಡಿಮೆಯೇ. ಮನೆಗೆ ಬಂದು ಫೈಲ್ ತೆರೆದು ಮೊದಲು 'ಧಮರ್' ಅಂತ ಹುಡುಕಿ.